ಕೊಬ್ಬರಿ ಅಟ್ಟದಲ್ಲಿ ಒಣಗಿದ ಹೂ: ಅರಸೀಕೆರೆಯ ಗರಸು ನೆಲದಲ್ಲಿ ಒಂದು ಮಡಿ

ಅರಸೀಕೆರೆ ಕಡೆ ಹೂ ಬೆಳೆಯುತ್ತೇನೆ ಅಂದರೆ ಕೇಳುವ ಮೊದಲ ಪ್ರಶ್ನೆಯೇ ನೀರಿನದು. ಬೋರ್‌ನಲ್ಲಿ ಬರುವ ನೀರು ತೆಂಗಿಗೇ ಸಾಲುವುದಿಲ್ಲ, ಹೂವಿಗೆ ಎಲ್ಲಿಂದ ತರೋಣ? ಸೇವಂತಿಗೆ, ಚೆಂಡು ಹೂ ಹಾಕುವವರು ಕೂಡ ಮಳೆ ನೋಡಿಕೊಂಡೇ ಕೈ ಹಾಕುತ್ತಾರೆ. ನಮ್ಮ ತೋಟದ ಬದುವಿನ ಪಕ್ಕ ಒಂದು ಗರಸು ತುಂಡು ಇದೆ. ರಾಗಿ ಹಾಕಿದರೆ ಮೊಣಕಾಲುದ್ದವೂ ಬರುವುದಿಲ್ಲ, ಹುರುಳಿ ಮಾತ್ರ ಹೇಗೋ ಬರುತ್ತದೆ. ಆ ಜಾಗಕ್ಕೆ ನಾನು ಆರಿಸಿಕೊಂಡದ್ದು ಹೆಲಿಕ್ರೈಸಮ್. ಅಂದರೆ ಒಣಗಿದರೂ ಬಣ್ಣ ಬಿಡದ, ಕಾಗದದ ಹಾಗೆ ಚರಚರ ಅನ್ನುವ ಹೂ. ಊಟಿಗೆ ಹೋದವರು ಇದನ್ನು ಗೊಂಚಲು ಕಟ್ಟಿ ಮಾರುವುದನ್ನು ನೋಡಿರುತ್ತೀರಿ.

ಗಿಡ ಆಸ್ಟ್ರೇಲಿಯಾದ್ದು. ಅಲ್ಲಿ ಬಯಲಲ್ಲೂ ರಸ್ತೆ ಬದಿಯಲ್ಲೂ ತಾನಾಗಿಯೇ ಬೆಳೆಯುತ್ತದೆ. ಯುರೋಪಿಗೆ ಹೋಗಿ, ಪ್ಯಾರಿಸ್ ಹತ್ತಿರದ ಮಾಲ್ಮೆಸಾನ್‌ನಲ್ಲಿ ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ಬೆಳೆಸಿದ್ದ ತೋಟ ಸೇರಿತು. ಆ ತೋಟದ ಗಿಡಗಳ ಬಗ್ಗೆ ಬರೆಯುತ್ತಿದ್ದ ವೆಂತೆನಾ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1803ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಆಮೇಲೆ ಹೆಸರು ಬದಲಾಗುತ್ತಲೇ ಹೋಯಿತು. ಈಗಿನ ಹೆಸರು ಕ್ಸೀರೋಕ್ರೈಸಮ್, ಅದು ಬಂದದ್ದು 1990ರಲ್ಲಿ. ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಮುಖ ನೋಡುತ್ತಾರೆ ಅಷ್ಟೆ. ಬೀಜದ ಪೊಟ್ಟಣದ ಮೇಲೆ ಈಗಲೂ ಹೆಲಿಕ್ರೈಸಮ್ ಅಂತಲೇ ಇರುತ್ತದೆ. ಹಾಗೇ ಕೇಳಿ.

ಬರ ತಡೆಯುವ ಗಿಡ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸರಿಯೇ. ಆದರೆ ಬೆಳೆಸುವವರಿಗೆ ಅದಕ್ಕಿಂತ ಮುಖ್ಯವಾದದ್ದು, ಈ ಗಿಡಕ್ಕೆ ನೀರು ಕಂಡರೆ ಆಗುವುದಿಲ್ಲ ಎಂಬುದು. ಬೇರಿನ ಹತ್ತಿರ ನೀರು ನಿಂತರೆ ಕೊಳೆಯುತ್ತದೆ. ಹೂವಿನ ಮೇಲೆ ನೀರು ಬಿದ್ದರೆ ಮುಚ್ಚಿಕೊಳ್ಳುತ್ತದೆ. ಕೊಯ್ದ ಮೇಲೆ ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಕೆಳಗೆ ಬರೆದಿರುವ ಕೆಲಸವೆಲ್ಲ ನೀರನ್ನು ದೂರ ಇಡುವ ಕೆಲಸವೇ. ನೀರು ಕೊಡುವ ಕೆಲಸ ಅದರಲ್ಲಿ ಚಿಕ್ಕದು.

ಮಡಿ ಕಟ್ಟಿದ್ದು

ಮೊದಲು ನೆಲ ನೀರು ಇಂಗಿಸುತ್ತದೋ ಇಲ್ಲವೋ ನೋಡಬೇಕು. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ನೋಡಿ. ಎರಡನೇ ಸಲದ ನೀರು ಎರಡು ಮೂರು ಗಂಟೆಯಲ್ಲಿ ಇಂಗಿದರೆ ಸಾಕು. ಮರುದಿನ ಬೆಳಿಗ್ಗೆಯೂ ತಳದಲ್ಲಿ ನೀರಿದ್ದರೆ ಆ ಜಾಗ ಬಿಟ್ಟುಬಿಡಿ, ಇಲ್ಲವೇ ಮಡಿಯನ್ನು ಇನ್ನೂ ಎತ್ತರಿಸಿ. ನಮ್ಮದು ಗರಸು, ನೀರು ಬೇಗ ಕೆಳಗಿಳಿಯಿತು.

ಮಡಿಯ ಅಗಲ 4 ಅಡಿ, ಉದ್ದ 20 ಅಡಿ, ಎತ್ತರ ಮುಕ್ಕಾಲು ಅಡಿಯಿಂದ ಒಂದಡಿ. ನಾಲ್ಕು ಅಡಿಗಿಂತ ಜಾಸ್ತಿ ಅಗಲ ಮಾಡಬೇಡಿ, ನಡುವಿನ ಗಿಡಕ್ಕೆ ಕೈ ಎಟಕುವುದಿಲ್ಲ. ಹೂ ಕೊಯ್ಯಲು ದಿನಾ ಕೈ ಹಾಕಬೇಕಾದ ಬೆಳೆ ಇದು. ಅಂಚಿಗೆ ಹೊಲದಲ್ಲೇ ಸಿಕ್ಕಿದ ಕಾಡುಗಲ್ಲು ಜೋಡಿಸಿದೆ. ನಮ್ಮ ಕಡೆ ತೆಂಗಿನ ಮಟ್ಟೆ ಬೇಕಾದಷ್ಟು ಸಿಗುತ್ತದೆ, ಅದನ್ನೇ ಅಂಚಿಗೆ ಇಟ್ಟರಾಯಿತಲ್ಲ ಅಂತ ಮನೆಯಲ್ಲಿ ಅಂದರು. ಮಟ್ಟೆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ತೆಂಗಿನ ಬುಡಕ್ಕೆ ಅದು ಒಳ್ಳೆಯದು, ಇಲ್ಲಿ ಬೇಡ. ಸಾಲದ್ದಕ್ಕೆ ಒಣ ನೆಲದಲ್ಲಿ ಗೆದ್ದಲಿಗೆ ಊಟ ಹಾಕಿದಂತೆ. ಕಲ್ಲಿನ ಸಂದಿಯಿಂದ ಮಳೆ ನೀರು ಹೊರಗೆ ಬರುತ್ತದೆ, ನನಗೆ ಬೇಕಾದದ್ದೂ ಅದೇ.

ಮಣ್ಣು ಹೀಗೆ ಕಲಸಿದೆ: ಕೆಂಪು ಮಣ್ಣು ಎರಡು ಪಾಲು, ಜರಡಿ ಹಿಡಿದ ಗರಸು ಒಂದು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು. ಎಂ-ಸ್ಯಾಂಡ್ ಹಾಕುವುದಾದರೆ ದಪ್ಪ ಕಾಳಿನದ್ದು ತನ್ನಿ. ನುಣ್ಣಗಿನ ಪುಡಿ ಮಣ್ಣಿನ ಸಂದಿಯಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು, 'ಒಂದು ಲೋಡು ಕೆರೆ ಗೋಡು ಹೊಡೆಸಿ' ಅಂತ ಹೇಳಿ ಹೋದರು. ಕೆರೆ ಗೋಡು ರಾಗಿಗೂ ತೆಂಗಿಗೂ ಬಂಗಾರ. ಈ ಗಿಡಕ್ಕೆ ಅದು ಅಂಟು ಮಣ್ಣು, ನೀರು ಬಿಡುವುದಿಲ್ಲ. ಗೊಬ್ಬರವೂ ಅಷ್ಟೆ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿ ಬರುತ್ತದೆ, ಕಾಂಡ ಮೆತ್ತಗಾಗುತ್ತದೆ, ಹೂ ತಡವಾಗುತ್ತದೆ. ಯೂರಿಯಾ ಚೀಲ ಹತ್ತಿರಕ್ಕೂ ತರಬೇಡಿ.

ಮಡಿಯ ಮೇಲ್ಮೈಯನ್ನು ಸಮತಟ್ಟು ಮಾಡದೆ ನಡುವೆ ಸ್ವಲ್ಪ ಉಬ್ಬಿಸಿದೆ, ಎರಡೂ ಕಡೆ ನೀರು ಜಾರಲಿ ಅಂತ. ಬದುವಿನ ಕಡೆ ಒಂದು ಗೇಣು ಆಳದ ಕಾಲುವೆ ತೆಗೆದೆ. ನಮ್ಮಲ್ಲಿ ಮುಂಗಾರು ಅಷ್ಟಕ್ಕಷ್ಟೇ. ಹಸ್ತ, ಚಿತ್ತೆ ಮಳೆ ಮಾತ್ರ ಬಂತು ಅಂದರೆ ಗುಡುಗು ಸಮೇತ ಒಂದೇ ಸಂಜೆಯಲ್ಲಿ ಹೊಲ ತುಂಬಿಸುತ್ತದೆ. ಆ ಒಂದು ಸಂಜೆಗಾಗಿ ಈ ಕಾಲುವೆ.

ಬೀಜ ಮತ್ತು ಸಸಿ

ಬೀಜ ತುಂಬಾ ಸಣ್ಣದು. ಒಂದು ಗ್ರಾಂಗೆ ಸಾವಿರಕ್ಕಿಂತ ಜಾಸ್ತಿ ಬರುತ್ತದೆ. ಹುಬ್ಬೆ ಮಳೆ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆ ಸೆಪ್ಟೆಂಬರ್ ಮೊದಲಿಗೆ, ಟ್ರೇಯಲ್ಲಿ ಬಿತ್ತಿದೆ. ಲೆಕ್ಕ ಸುಲಭ. ಬಿತ್ತಿದ ಹತ್ತು ಹನ್ನೆರಡು ವಾರಕ್ಕೆ ಹೂ ಶುರುವಾಗುತ್ತದೆ. ಹೂ ಬಿಡುವಾಗ ಮಳೆ ಮುಗಿದಿರಬೇಕು, ಬಿಸಿಲಿರಬೇಕು, ಸೆಕೆ ಇರಬಾರದು. ನಮ್ಮ ಜಿಲ್ಲೆಯ ಈ ಭಾಗದಲ್ಲಿ ಅದು ಡಿಸೆಂಬರ್‌ನಿಂದ ಫೆಬ್ರವರಿ.

ಟ್ರೇಗೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ತುಂಬಿದೆ. ನಾರು ತೆಗೆಯುವ ಘಟಕದಿಂದ ಹೊಸದಾಗಿ ತಂದ ಪುಡಿಯನ್ನು ಹಾಗೇ ಬಳಸಬಾರದು. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ, ಎಳೆ ಬೇರು ಸುಡುತ್ತದೆ. ಗೋಣಿ ಚೀಲಕ್ಕೆ ತುಂಬಿ, ನೀರಲ್ಲಿ ಅದ್ದಿ, ಹಿಂಡಿ, ಕೆಂಪು ನೀರು ತಿಳಿಯಾಗುವವರೆಗೆ ತೊಳೆದೆ. ನೀರಿಲ್ಲದ ಊರಲ್ಲಿ ಇದೊಂದು ದಂಡದ ಖರ್ಚು, ಆದರೆ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಹಾಕಬಹುದು. ತೆಂಗು ಅಷ್ಟು ಉಪ್ಪಿಗೆ ಜಗ್ಗುವ ಮರವಲ್ಲ.

ಇದರ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಬೀಜ ಮುಚ್ಚಬಾರದು. ಮೇಲೆ ಉದುರಿಸಿ, ಅಂಗೈಯಿಂದ ಸುಮ್ನೆ ಒತ್ತಿದರೆ ಮುಗಿಯಿತು. ರಾಗಿ ಪೈರಿನ ಒಟ್ಟಲು ಹಾಕಿ ಅಭ್ಯಾಸ ಇರುವವರಿಗೆ ಕೈ ತಾನಾಗಿಯೇ ಮಣ್ಣು ಎಳೆಯಲು ಹೋಗುತ್ತದೆ, ತಡೆದುಕೊಳ್ಳಿ. ನೀರನ್ನು ಮೇಲಿಂದ ಹಾಕಿದರೆ ಬೀಜ ಒಂದು ಮೂಲೆಗೆ ಕೊಚ್ಚಿ ಹೋಗುತ್ತದೆ. ಟ್ರೇಯನ್ನು ನೀರಿರುವ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸಿದೆ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. 20 ಡಿಗ್ರಿ ಸುತ್ತಮುತ್ತ ಇದ್ದರೆ ಒಂದು ವಾರ, ಹತ್ತು ದಿನಕ್ಕೆ ಮೊಳೆಯುತ್ತದೆ. ಮೊಳಕೆ ಕಂಡ ದಿನವೇ ಪ್ಲಾಸ್ಟಿಕ್ ತೆಗೆಯಿರಿ. ಗಾಳಿ ಆಡದಿದ್ದರೆ ಬುಡ ಕರಗಿ ಸಸಿ ಮಲಗುತ್ತದೆ.

ಈ ಹಂತದಲ್ಲಿ ಬರ ತಡೆಯುವ ಗುಣ ಏನೂ ಇರುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಎರಡೆಲೆ ಸಸಿ ಒಂದು ಮಧ್ಯಾಹ್ನದ ಬಿಸಿಲಿಗೆ ಸಾಯುತ್ತದೆ. ಆ ಗುಣ ಬರುವುದು ಬೇರು ಕೆಳಗಿಳಿದ ಮೇಲೆ.

ಸಸಿಗೆ ನಾಲ್ಕರಿಂದ ಆರು ನಿಜ ಎಲೆ ಬಂದಾಗ ಮಡಿಗೆ ನೆಟ್ಟೆ. ಆಗ ಹಸ್ತ ಮಳೆ ನಡೆಯುತ್ತಿತ್ತು. ಮಡಿಯಲ್ಲಿ ಮೂರು ಸಾಲು, ಸಾಲಿನಲ್ಲಿ ಗಿಡಕ್ಕೆ ಗಿಡಕ್ಕೆ ಒಂದಡಿ, ಒಟ್ಟು ಅರವತ್ತರ ಹತ್ತಿರ ಗಿಡ. ಹತ್ತಿರ ನೆಟ್ಟರೆ ಗಾಳಿ ಆಡುವುದಿಲ್ಲ, ಬೂದಿ ರೋಗಕ್ಕೆ ನಾವೇ ಕರೆದಂತೆ. ಸಂಜೆ ನೆಡಬೇಕು. ಟ್ರೇಯಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳ. ಬುಡ ಹೂತರೆ ಕೊಳೆಯುತ್ತದೆ. ಗೇಣುದ್ದ ಆದಾಗ ತುದಿ ಚಿವುಟಿದೆ. ಚಿವುಟದಿದ್ದರೆ ಒಂದೇ ದಂಟು ನೇರ ಹೋಗಿ ನೆತ್ತಿಯಲ್ಲಿ ಒಂದು ದೊಡ್ಡ ಹೂ ಬಿಡುತ್ತದೆ. ನೋಡಲು ಚೆಂದ, ಕೊಯ್ಯಲು ಏನೂ ಇಲ್ಲ.

ಎತ್ತರದ ತಳಿ ಮೂರಡಿ ತನಕ ಹೋಗುತ್ತದೆ. ಮಡಿಯ ನಾಲ್ಕು ಮೂಲೆಗೂ ನಡುವೆಯೂ ಸರ್ವೆ ಗೂಟ ನೆಟ್ಟು, ಮಂಡಿ ಎತ್ತರದಲ್ಲಿ ನಾರಿನ ಹಗ್ಗವನ್ನು ಚೌಕ ಚೌಕ ಬರುವಂತೆ ಕಟ್ಟಿದೆ. ಗಿಡ ಚೌಕದೊಳಗಿಂದ ಬೆಳೆದು ಬರುತ್ತದೆ. ಒಂದೊಂದು ಗಿಡಕ್ಕೆ ಒಂದೊಂದು ಕಡ್ಡಿ ಕಟ್ಟುವ ತಲೆನೋವು ಇಲ್ಲ. ಕುಳ್ಳ ತಳಿಗೆ ಇದೆಲ್ಲ ಬೇಡ, ಆದರೆ ಅದರ ದಂಟು ಗೊಂಚಲು ಕಟ್ಟುವಷ್ಟು ಉದ್ದ ಬರುವುದಿಲ್ಲ.

ನೀರು, ಮತ್ತು ಹಳದಿ ಎಲೆ

ಮಡಿಯ ತಲೆಯ ಕಡೆ ಕಲ್ಲಿನ ಕಟ್ಟೆ ಕಟ್ಟಿ, ಅದರ ಮೇಲೆ 200 ಲೀಟರ್ ಡ್ರಮ್ ಇಟ್ಟೆ. ನೆಲದಿಂದ ನಾಲ್ಕು ಅಡಿ ಎತ್ತರ. ಡ್ರಮ್ಮಿಗೆ ನಲ್ಲಿ, ನಲ್ಲಿಗೆ ಸಣ್ಣ ಜಾಲರಿ ಫಿಲ್ಟರ್, ಅಲ್ಲಿಂದ ಮೂರು ಸಾಲಿಗೆ 16 ಮಿ.ಮೀ. ಪೈಪು. ಒತ್ತಡ ಸರಿಪಡಿಸುವ ದುಬಾರಿ ಡ್ರಿಪ್ಪರ್ ಇಷ್ಟು ಕಡಿಮೆ ಎತ್ತರದಲ್ಲಿ ಕೆಲಸ ಮಾಡುವುದಿಲ್ಲ, ಮಾಮೂಲಿ ಡ್ರಿಪ್ಪರ್ ಸಾಕು. ಡ್ರಮ್ಮು ಒಮ್ಮೆ ಖಾಲಿಯಾದರೆ ಗಿಡಕ್ಕೆ ಮೂರು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಡ್ರಿಪ್ಪರನ್ನು ಬುಡಕ್ಕೆ ತಾಗಿಸದೆ ನಾಲ್ಕು ಬೆರಳು ದೂರ ಇಟ್ಟೆ. ಹೋಸ್ ಪೈಪ್ ಹಿಡಿದು ತಲೆಯ ಮೇಲೆ ನೀರು ಹೊಡೆಯುವುದು ಈ ಗಿಡಕ್ಕೆ ಮಾಡುವ ದೊಡ್ಡ ಅನ್ಯಾಯ.

ಮೊದಲ ಎರಡು ಮೂರು ವಾರ ಮಣ್ಣು ಒಣಗಲು ಬಿಡಲಿಲ್ಲ. ಆಮೇಲೆ ನಿಧಾನಕ್ಕೆ ಅಂತರ ಹೆಚ್ಚಿಸಿದೆ. ನವೆಂಬರ್ ಮುಗಿಯುವ ಹೊತ್ತಿಗೆ ಐದಾರು ದಿನಕ್ಕೊಂದು ಡ್ರಮ್ಮು. ಯಾವಾಗ ಬಿಡಬೇಕು ಅನ್ನುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ, ಗಿಡ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಸ್ವಲ್ಪ ಇಳಿಬಿದ್ದಿದ್ದರೆ ಗಾಬರಿ ಬೇಡ, ಸಂಜೆಗೆ ಸರಿಹೋಗುತ್ತದೆ. ಬೆಳಿಗ್ಗೆ ಏಳಕ್ಕೂ ಹಾಗೇ ಇದ್ದರೆ ಕುರ್ಪಿಯಿಂದ ಎರಡು ಇಂಚು ಕೆದಕಿ ನೋಡಿ. ಮಣ್ಣು ಒಣಗಿದ್ದರೆ ನೀರು ಬಿಡಿ. ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ನಲ್ಲಿ ಮುಟ್ಟಲೇಬೇಡಿ. ಅದು ಬೇರು ಕೊಳೆತ. ಆ ಗಿಡ ಕಿತ್ತು ದೂರ ಎಸೆದು, ಆ ಜಾಗದ ಡ್ರಿಪ್ಪರ್ ಮುಚ್ಚಿ. ಬಾಡಿದ ಗಿಡಕ್ಕೆ ನೀರು ಹಾಕಬೇಡ ಅಂದರೆ ಯಾರೂ ಒಪ್ಪುವುದಿಲ್ಲ ಅಲ್ವಾ? ನಮ್ಮ ತೋಟಕ್ಕೆ ಬರುವ ಆಳು ಕೂಡ ಒಪ್ಪಲಿಲ್ಲ. ಕಿತ್ತ ಗಿಡದ ಬೇರು ತೋರಿಸಿದೆ. ಬೆರಳಲ್ಲಿ ಹಿಡಿದು ಎಳೆದರೆ ಬೇರಿನ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿದಿತ್ತು. ಆಮೇಲೆ ಸುಮ್ಮನಾದ.

ಇನ್ನೊಂದು ತೊಂದರೆ ಬೋರ್ ನೀರಿನದು. ಮೊಗ್ಗು ಕಟ್ಟುವ ಹೊತ್ತಿಗೆ ತುದಿಯ ಎಳೆ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರು. ಹಳೆಯ ಎಲೆ ಚೆನ್ನಾಗಿಯೇ ಇದ್ದವು. ಹಳೆ ಎಲೆ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಹೊಸ ಎಲೆ ಹೀಗೆ ನರ ಬಿಟ್ಟು ಹಳದಿಯಾದರೆ ಕಬ್ಬಿಣದ ಕೊರತೆ. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಪಿಎಚ್ (ಹುಳಿ, ಕ್ಷಾರದ ಅಳತೆ) 5.5ರಿಂದ 6.3ರ ಒಳಗೆ. ಗಡಸು ಬೋರ್ ನೀರು ಹರಿಸುತ್ತಾ ಹೋದರೆ ಬೇರಿನ ಸುತ್ತ ಪಿಎಚ್ ಏರುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ನಮ್ಮ ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು, ಆದರೂ ಗಿಡಕ್ಕೆ ಬರಗಾಲ!

ಗೊಬ್ಬರದ ಅಂಗಡಿಯಲ್ಲಿ ಕಬ್ಬಿಣದ ಚೀಲೇಟ್ (ಗಿಡಕ್ಕೆ ದಕ್ಕುವಂತೆ ಕಬ್ಬಿಣವನ್ನು ಹಿಡಿದಿಟ್ಟ ಗೊಬ್ಬರ) ಕೇಳಿದರೆ ಸಾಮಾನ್ಯವಾಗಿ ಇಡಿಟಿಎ ಅನ್ನುವ ಬಗೆ ಕೊಡುತ್ತಾರೆ. ಪಿಎಚ್ ಏರಿದ ಮಣ್ಣಿಗೆ ಅದನ್ನು ಸುರಿದರೆ ಪ್ರಯೋಜನ ಕಡಿಮೆ, ಕಬ್ಬಿಣವನ್ನು ಬೇಗ ಕೈಬಿಡುತ್ತದೆ. ಎಲೆಗೆ ಸಿಂಪಡಿಸಲು ಪರವಾಗಿಲ್ಲ. ಬುಡಕ್ಕೆ ಕೊಡುವುದಾದರೆ ಇಡಿಡಿಎಚ್‌ಎ ಕೇಳಿ. ದುಬಾರಿ, ಆದರೆ ಸುಣ್ಣದ ನೀರಲ್ಲೂ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರವತ್ತು ಗಿಡಕ್ಕೆ ಚಿಟಿಕೆಯಷ್ಟೇ ಬೇಕಾಗುವುದು. ಹಳದಿಯಾದ ಎಲೆ ಅಷ್ಟೇನೂ ಸುಧಾರಿಸಲಿಲ್ಲ, ಹೊಸದಾಗಿ ಬಂದ ಎಲೆ ಹಸಿರಾಗಿ ಬಂದವು. ಅದರ ಜೊತೆಗೆ ಮನೆಯ ಹೆಂಚಿನಿಂದ ಹಿಡಿದಿಟ್ಟ ಮಳೆ ನೀರನ್ನು ಡ್ರಮ್ಮಿಗೆ ಅರ್ಧಕ್ಕರ್ಧ ಬೆರೆಸಲು ಶುರುಮಾಡಿದೆ. ಇದು ಚೀಲೇಟ್‌ಗಿಂತ ಅಗ್ಗ.

ಹೂ ಹೇಗೆ ಕೆಲಸ ಮಾಡುತ್ತದೆ

ನಾವು ದಳ ಅಂದುಕೊಳ್ಳುವ ಹೊಳಪಿನ ತುಂಡುಗಳು ದಳಗಳೇ ಅಲ್ಲ. ಅವು ಹೂಗೊಂಚಲನ್ನು ಸುತ್ತಿರುವ ಕವಚದ ಎಲೆಗಳು. ನಿಜವಾದ ಹೂಗಳು ನಡುವಿನ ಹಳದಿ ಬಿಲ್ಲೆಯಲ್ಲಿವೆ, ಒಂದೊಂದೂ ಸೂಜಿ ತಲೆಯಷ್ಟು. ಸೂರ್ಯಕಾಂತಿ, ಸೇವಂತಿಗೆಯ ಕುಟುಂಬವೇ ಇದು. ಕವಚದ ಎಲೆ ಬಲಿತಾಗ ಅದರ ಜೀವಕೋಶಗಳು ಗಿಡದ ಮೇಲೆ ಇರುವಾಗಲೇ ಸತ್ತು ಒಣಗಿರುತ್ತವೆ. ಹಾಗಾಗಿ ಬಾಡುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಧನುರ್ಮಾಸದಲ್ಲಿ ಬೆಳಿಗ್ಗೆ ಆರೂವರೆಗೆ ಮಡಿಯ ಹತ್ತಿರ ಹೋದರೆ ಎಲ್ಲ ಹೂವೂ ಮೊಗ್ಗಿನ ಹಾಗೆ ಮುಚ್ಚಿಕೊಂಡು, ಮೇಲೆ ಇಬ್ಬನಿ ಕೂತಿರುತ್ತಿತ್ತು. ಒಂಬತ್ತರ ಹೊತ್ತಿಗೆ ಬಿಸಿಲು ತಾಗಿ ಇಬ್ಬನಿ ಆರುತ್ತಿದ್ದಂತೆ ಹೊರಗಿನ ಸಾಲು ಮೊದಲು ಬಾಗುತ್ತದೆ, ಆಮೇಲೆ ಒಳಗಿನದು. ಕವಚದ ಎಲೆಯ ಬುಡದಲ್ಲಿ ಒಂದು ಕಡೆಯ ಕೋಶಗಳು ತೇವ ಹೀರಿದಾಗ ಜಾಸ್ತಿ ಉಬ್ಬುತ್ತವೆ, ಇನ್ನೊಂದು ಕಡೆಯವು ಅಷ್ಟು ಉಬ್ಬುವುದಿಲ್ಲ. ಆ ವ್ಯತ್ಯಾಸಕ್ಕೆ ಎಲೆ ಒಳಕ್ಕೆ ಬಾಗುತ್ತದೆ. ಒಣಗಿದಾಗ ವಾಪಸ್ಸು. ಒಳಗಿನ ಪರಾಗ ನೆನೆಯದಂತೆ ಗಿಡ ಮಾಡಿಕೊಂಡ ಏರ್ಪಾಡು ಇದು. ಇದಕ್ಕೆ ಜೀವ ಬೇಕಾಗಿಲ್ಲ. ಪೂರ್ತಿ ಒಣಗಿಸಿದ ಹೂವನ್ನು ಒಂದು ಲೋಟ ನೀರಿನಲ್ಲಿ ಅದ್ದಿ ತೆಗೆದು ಮೇಜಿನ ಮೇಲಿಡಿ. ಕೆಲವೇ ನಿಮಿಷದಲ್ಲಿ ಮುಚ್ಚಿಕೊಳ್ಳುತ್ತದೆ. ಬಿಸಿಲಿಗಿಟ್ಟರೆ ಮತ್ತೆ ಅರಳುತ್ತದೆ. ಮನೆಗೆ ಬಂದ ಮಕ್ಕಳಿಗೆ ತೋರಿಸಿ, ಮೊಬೈಲ್ ಪಕ್ಕಕ್ಕೆ ಇಡುತ್ತಾರೆ.

ಕೊಯ್ಲು

ಎಲ್ಲ ಇರುವುದು ಕೊಯ್ಯುವ ಹೊತ್ತಿನಲ್ಲಿ. ಹೊರಗಿನ ಎರಡು ಮೂರು ಸಾಲು ಬಿಚ್ಚಿಕೊಂಡು, ನಡುವೆ ಇನ್ನೂ ಮುಚ್ಚಿರುವಾಗ ಕತ್ತರಿಸಬೇಕು. ನಡುವಿನ ಹಳದಿ ಕಣ್ಣಿಗೆ ಕಾಣಿಸಿತು ಅಂದರೆ ತಡವಾಯಿತು. ಯಾಕೆಂದರೆ ಕೊಯ್ದ ಮೇಲೂ ಒಣಗುತ್ತಾ ಒಣಗುತ್ತಾ ಹೂ ಅರಳುತ್ತಲೇ ಹೋಗುತ್ತದೆ. ಪೂರ್ತಿ ಅರಳಿದ್ದನ್ನು ಕೊಯ್ದರೆ ಹೊರಗಿನ ಎಲೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ನಡುವಿನ ಬಿಲ್ಲೆ ಕಂದಾಗಿ, ನಾರು ನಾರಾಗಿ ಉದುರಲು ಶುರುವಾಗುತ್ತದೆ. ಸಂತೆಗೆ ತರುವ ಸೇವಂತಿಗೆ ಪೂರ್ತಿ ಅರಳಿರಬೇಕು ಅಂತ ನೋಡುವ ಕಣ್ಣಿಗೆ ಇದು ಎಳಸು ಅನ್ನಿಸುತ್ತದೆ. ಅಷ್ಟು ಎಳಸೇ ಇರಲಿ.

ಇಬ್ಬನಿ ಪೂರ್ತಿ ಆರಿದ ಮೇಲೆ, ಹತ್ತು ಗಂಟೆ ದಾಟಿದ ಮೇಲೆ ಕೊಯ್ಯುತ್ತಿದ್ದೆ. ಬೇಗ ಹೋದರೆ ಮುಚ್ಚಿದ ಹೂವಿನಲ್ಲಿ ಯಾವುದು ಹದಕ್ಕೆ ಬಂದಿದೆ ಅಂತಲೇ ಗೊತ್ತಾಗುವುದಿಲ್ಲ. ಕೊಯ್ದಷ್ಟೂ ಕೆಳಗಿನ ಕವಲಿನಿಂದ ಹೊಸ ದಂಟು ಬರುತ್ತದೆ. ಕೊಯ್ಯದೆ ಬಿಟ್ಟರೆ ಗಿಡ ಬೀಜ ಕಟ್ಟುವ ಕೆಲಸಕ್ಕೆ ಕೂತು ಹೂ ಕಡಿಮೆ ಮಾಡುತ್ತದೆ.

ಬೆಳೆದವರೆಲ್ಲ ಎದುರಿಸುವ ಒಂದು ತೊಂದರೆ ಇದೆ. ಹೂ ಗಟ್ಟಿ, ಅದರ ಕೊರಳು ಗಟ್ಟಿ ಇಲ್ಲ. ಒಣಗಿದ ಮೇಲೆ ಹೂವಿನ ಕೆಳಗಿನ ಒಂದಿಂಚು ದಂಟು ದಾರದಷ್ಟು ತೆಳುವಾಗಿ ಹೂ ತಲೆ ಬಾಗಿಸುತ್ತದೆ. ಅದಕ್ಕೆ ತಂತಿ. ಹಸಿ ಇರುವಾಗಲೇ ದಂಟನ್ನು ಅರ್ಧ ಇಂಚಿಗೆ ಕತ್ತರಿಸಿ, ಕೆಳಗಿನಿಂದ ತಂತಿ ತೂರಿಸಿ ಹೂವಿನ ಬುಡದ ಗಟ್ಟಿ ಭಾಗದವರೆಗೆ ತಳ್ಳಬೇಕು. ಮೇಲಿನಿಂದ ತುದಿ ಕಾಣಬಾರದು. ನಾನು ಬಳಸಿದ್ದು ಸೆಂಟ್ರಿಂಗ್ ಕೆಲಸದ ಕರಿ ಬೈಂಡಿಂಗ್ ತಂತಿ, ಸಿಕ್ಕಿದ್ದರಲ್ಲಿ ತೆಳುವಾದದ್ದು. ಹೂ ಒಣಗುವಾಗ ಕುಗ್ಗಿ ತಂತಿಯನ್ನು ಬಿಗಿ ಹಿಡಿಯುತ್ತದೆ. ಹೂವಿನ ತೇವಕ್ಕೆ ತಂತಿ ತುಸು ತುಕ್ಕು ಹಿಡಿದು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಂತಿ ಅಥವಾ ಜಿಂಕ್ ಲೇಪದ ತಂತಿ ತಂದರೆ ಈ ಅನುಕೂಲ ಇಲ್ಲ, ಜಾರುತ್ತದೆ. ಒಣಗಿದ ಮೇಲೆ ತೂರಿಸಲು ಹೋದರೆ ಹೂ ಒಡೆಯುತ್ತದೆ. ಒಣಗಿದ ನಂತರ ತಂತಿಗೆ ಬಾಳೆ ನಾರು ಸುತ್ತಿದೆ. ಹೂ ಕಟ್ಟಲು ಮನೆಯಲ್ಲಿ ಇದ್ದೇ ಇರುತ್ತದೆ, ಹಸಿರು ಟೇಪಿಗಿಂತ ನೋಡಲು ಎಷ್ಟೋ ಮೇಲು.

ಅಟ್ಟ

ಒಣಗಿಸಲು ಬೇಕಾದದ್ದು ಕತ್ತಲೆ, ಗಾಳಿ, ಒಣ ಹವೆ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಇದಕ್ಕಾಗಿ ಶೆಡ್ ಕಟ್ಟಬೇಕು, ಫ್ಯಾನ್ ಹಾಕಬೇಕು ಅಂತೆಲ್ಲ ಓದಿದ್ದೆ. ಅರಸೀಕೆರೆ, ತಿಪಟೂರು ಸೀಮೆಯವರಿಗೆ ಅದರ ಅಗತ್ಯವೇ ಇಲ್ಲ. ನಮ್ಮ ಮನೆಗಳಲ್ಲಿ ಕೊಬ್ಬರಿ ಅಟ್ಟ ಇದೆ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೆ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತೇವೆ. ಕಾಯಿ ಕೊಳೆಯದೆ ಒಣಗಬೇಕು ಅಂತ ಅಟ್ಟದ ನೆಲವನ್ನು ಸಂದಿ ಬಿಟ್ಟ ದಬ್ಬೆಯಲ್ಲಿ ಮಾಡಿರುತ್ತಾರೆ. ಕೆಳಗಿನಿಂದ ಗಾಳಿ ಮೇಲೇರುತ್ತದೆ, ಮೇಲೆ ಹೆಂಚು ಕಾದಿರುತ್ತದೆ, ಬೆಳಕು ಇಲ್ಲ. ಹೂ ಒಣಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ದುಡ್ಡು ಕೊಟ್ಟು ಕಟ್ಟಿಸಲು ಆಗುವುದಿಲ್ಲ.

ತೊಲೆಯಿಂದ ತೊಲೆಗೆ ಜಿಐ ತಂತಿ ಎಳೆದು, ಹತ್ತು ಹನ್ನೆರಡು ದಂಟಿನ ಕಟ್ಟನ್ನು ತಲೆಕೆಳಗಾಗಿ ನೇತುಹಾಕಿದೆ. ಎಲೆ ಸವರಿ ತೆಗೆದಿರಬೇಕು, ತೇವ ಇರುವುದು ಅದರಲ್ಲೇ. ಕಟ್ಟನ್ನು ದಾರದಲ್ಲಿ ಕಟ್ಟಿದರೆ ದಂಟು ಕುಗ್ಗಿದಾಗ ಜಾರಿ ಬೀಳುತ್ತದೆ. ಹಳೆ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಹಾಕಿದೆ, ಅದು ದಂಟಿನ ಜೊತೆಗೇ ಬಿಗಿಯಾಗುತ್ತಾ ಹೋಗುತ್ತದೆ. ತಂತಿ ಹಾಕಿದ ಬಿಡಿ ಹೂಗಳನ್ನು ಸೊಳ್ಳೆ ಜಾಲರಿ ಬಡಿದ ಚೌಕಟ್ಟಿನ ಮೇಲೆ ನಿಲ್ಲಿಸಿದೆ. ಜನವರಿಯ ಒಣ ಹವೆಗೆ ಎರಡು ವಾರ ಸಾಕಾಯಿತು, ಮೋಡ ಇದ್ದಾಗ ಮೂರು. ದಂಟು ಬಾಗದೆ ಲಟಕ್ಕನೆ ಮುರಿದರೆ ಆಯಿತು ಅಂತ ಅರ್ಥ.

ಅಟ್ಟಕ್ಕೂ ಒಂದೆರಡು ತಕರಾರು ಇದೆ. ಒಂದು, ಇಲಿ. ಕೊಬ್ಬರಿಗೆ ಬಂದ ಇಲಿ ಬೀಜದ ಆಸೆಗೆ ಹೂವನ್ನೂ ಕೆದಕುತ್ತದೆ. ಕಟ್ಟುಗಳನ್ನು ತೊಲೆಗೆ ತಾಗದಂತೆ ತಂತಿಯ ನಡುಭಾಗದಲ್ಲೇ ತೂಗುಹಾಕಿ. ಇನ್ನೊಂದು, ಹೊಗೆ. ಕೆಳಗೆ ಒಲೆ ಉರಿಸುವ ಮನೆಯಾದರೆ ಬಿಳಿ ಹೂ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಹಳದಿ, ಕಿತ್ತಳೆಯಲ್ಲಿ ಅದು ಗೊತ್ತಾಗಲೇ ಇಲ್ಲ. ಒಣ ಹೂವಿಗೆ ಸಣ್ಣ ಕಂದು ಹುಳವೂ ಬೀಳುತ್ತದೆ, ಒಣ ಮೆಣಸಿನಕಾಯಿ, ಧನಿಯಾದಲ್ಲಿ ಬರುವುದೇ. ಡಬ್ಬಿಗೆ ತುಂಬುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಕೆಲವು ದಿನ ಫ್ರೀಜರ್‌ನಲ್ಲಿಟ್ಟರೆ ಹುಳು ಸಾಯುತ್ತದೆ. ಹೊರಗೆ ತೆಗೆದ ಮೇಲೆ ಚೀಲ ಮಾಮೂಲಿ ಬಿಸಿಗೆ ಬರುವ ತನಕ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣಗಿನ ಹೂವಿನ ಮೇಲೆ ಬೆವರು ಕೂರುತ್ತದೆ.

ಒಣಗಿದ ಹೂವನ್ನು ದೇವರಿಗೆ ಇಡುವಂತಿಲ್ಲ ಅಂತ ಅಮ್ಮ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ಬಾಗಿಲಿನ ತೋರಣಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ತೋರಣದ ಹೂ ಪಡಸಾಲೆಯ ನೆರಳಲ್ಲಿ ತಿಂಗಳುಗಟ್ಟಲೆ ಚೆನ್ನಾಗಿತ್ತು. ಪಶ್ಚಿಮದ ಕಿಟಕಿಯಲ್ಲಿ ಇಟ್ಟ ಗೊಂಚಲಿನ ಗುಲಾಬಿ ಬಣ್ಣ ಬೇಸಿಗೆ ಮುಗಿಯುವಷ್ಟರಲ್ಲಿ ಪೇಲವವಾಯಿತು. ಬಾಡದಿದ್ದರೂ ಬಿಸಿಲಿಗೆ ಬಣ್ಣ ಬಿಡುತ್ತದೆ.

ಘಟ್ಟದ ಕಡೆಯವರಿಗೆ

ಮೂಡಿಗೆರೆಯಲ್ಲಿ ನಮ್ಮ ನೆಂಟರ ಕಾಫಿ ತೋಟ ಇದೆ. ಅಲ್ಲಿಗೂ ಸಸಿ ಕಳಿಸಿದ್ದೆ. ಅವರು ಮಳೆಗಾಲದ ಆರಂಭಕ್ಕೆ ನೆಟ್ಟರು, ಎಲ್ಲ ಗಿಡ ನೆಡುವ ಹಾಗೆ. ಜಡಿಮಳೆ ಹಿಡಿದ ಮೇಲೆ ಒಂದೂ ಉಳಿಯಲಿಲ್ಲ. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯವರೂ ಇದನ್ನು ಮಳೆಗಾಲದಲ್ಲಿ ಮರೆತುಬಿಡಿ. ಅಕ್ಟೋಬರ್ ಕೊನೆಗೆ ಕುಂಡದಲ್ಲಿ ಬಿತ್ತಿ, ಅಂಗಳದಲ್ಲಿ ಕಾಫಿ ಒಣಗಿಸುವ ಕಣದ ಅಂಚಿಗಿಟ್ಟರೆ ಜನವರಿಯಿಂದ ಹೂ ನೋಡಬಹುದು. ಒಣಗಿಸಿದ್ದನ್ನು ಮೇ ತಿಂಗಳ ಒಳಗೆ ಡಬ್ಬಿ ಸೇರಿಸಬೇಕು, ಜೂನ್ ತೇವಕ್ಕೆ ಎಲ್ಲ ಹೂವೂ ಮುಚ್ಚಿಕೊಂಡು ಬೂಸ್ಟು ಬರುತ್ತದೆ. ಕಡೂರು, ಬೀರೂರು, ಅಜ್ಜಂಪುರದವರಿಗೆ ಈ ಗೋಳಿಲ್ಲ. ಅಲ್ಲಿ ನಮ್ಮಂತೆಯೇ ಮಾಡಬಹುದು.

ಇಷ್ಟು ತಾಪತ್ರಯ ಯಾಕೆ, ಸುಲಭವಾದದ್ದು ಹೇಳಿ ಅನ್ನುವವರಿಗೆ ಗಾಂಫ್ರೀನಾ ಇದೆ. ತಮಿಳರು ವಾಡಾಮಲ್ಲಿ ಅನ್ನುವ, ನೇರಳೆ ಗುಂಡಿಯಂಥ ಹೂ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕ ಕಡೆಯದು, ನಮ್ಮ ದಂಟು, ಹರಿವೆಯ ಕುಟುಂಬ. ಮೆಕ್ಕೆಜೋಳ, ರಾಗಿಯ ಹಾಗೆ ಸಿ4 ಗಿಡ, ಅಂದರೆ ಸುಡು ಬಿಸಿಲಲ್ಲೂ ಕಡಿಮೆ ನೀರಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆ. ಏಪ್ರಿಲ್ ಸೆಕೆಗೆ ಹೆಲಿಕ್ರೈಸಮ್ ಸೊರಗಿದಾಗ ಅದು ನಿಂತಿರುತ್ತದೆ. ದಂಟು ಗಟ್ಟಿ, ತಂತಿ ಬೇಡ. ಆದರೆ ಕೊಯ್ಲು ಉಲ್ಟಾ: ಅದನ್ನು ಪೂರ್ತಿ ಬಲಿತ ಮೇಲೆಯೇ ಕತ್ತರಿಸಬೇಕು, ಎಳೆಯದು ಒಣಗಿದರೆ ಸುಕ್ಕುಗಟ್ಟುತ್ತದೆ. ದೇವರ ಪೂಜೆಗೆ ಹಸಿಯಾಗಿಯೂ ನಡೆಯುತ್ತದೆ, ಅಮ್ಮನ ಪಕ್ಷಪಾತ ಅದಕ್ಕೇ.

ಬೀಜಕ್ಕೆ ಅಂತ ಫೆಬ್ರವರಿಯಲ್ಲಿ ಬಣ್ಣ ಗಾಢವಾಗಿದ್ದ ಕೆಲವು ಗಿಡಗಳನ್ನು ಕೊಯ್ಯದೆ ಬಿಟ್ಟೆ. ನಡುವಿನ ಬಿಲ್ಲೆ ಹತ್ತಿಯಂತೆ ಬಿರಿಯಲು ಶುರುವಾದಾಗ ತೆಳು ಬಟ್ಟೆಯ ಚೀಲ ಕಟ್ಟಬೇಕು, ಒಂದು ಗಾಳಿ ಬಂದರೆ ಬೀಜವೆಲ್ಲ ಪಕ್ಕದವರ ಹೊಲಕ್ಕೆ. ಜೇನು, ಚಿಟ್ಟೆಗಳು ಬಣ್ಣ ಬೆರೆಸಿರುತ್ತವೆ. ಕೆಂಪು ಗಿಡದ ಬೀಜದಿಂದ ಕೆಂಪೇ ಬರುತ್ತದೆ ಅಂತ ಹೇಳಲಾಗದು. ಒಂದೇ ಬಣ್ಣ ಬೇಕಾದವರು ಪ್ರತಿ ವರ್ಷ ಪೊಟ್ಟಣ ಕೊಳ್ಳಲೇಬೇಕು. ನನ್ನ ಬೀಜ ಕಾಗದದ ಕವರ್‌ನಲ್ಲಿ, ಸ್ಟೀಲ್ ಡಬ್ಬಿಯೊಳಗೆ, ತಣ್ಣಗಿನ ಮೂಲೆಯಲ್ಲಿದೆ. ಮುಂದಿನ ಹುಬ್ಬೆ ಮಳೆಗೆ ಬಿತ್ತುವಾಗ ಮಡಿಯ ಜಾಗ ಬದಲಿಸುತ್ತೇನೆ, ಬೇರು ಕೊಳೆತ ಕಂಡ ಮಣ್ಣಿಗೆ ಅದೇ ಗಿಡ ಹಾಕುವುದು ಬೇಡ. ಹಳೇ ಮಡಿಗೆ ಹುರುಳಿ ಚೆಲ್ಲುತ್ತೇನೆ. ಬಿಳಿ ಹೂವನ್ನು ಮಾತ್ರ ಅಟ್ಟಕ್ಕೆ ಹಾಕದೆ ಹಿಂದಿನ ಕೋಣೆಯಲ್ಲಿ ಒಣಗಿಸಿ ನೋಡಬೇಕು.